ಬ್ರೆಸ್ಟ್ ಮುಟ್ಟುವ ಮೊದಲೇ ಮುಗಿದ ನಿದ್ದೆ: ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 2019, ಒಂದು ಪ್ರಕರಣ ಅಧ್ಯಯನ

ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅಂದರೆ ಪ್ಯಾರಿಸ್ ಕಡೆಯಿಂದ ಫ್ರಾನ್ಸಿನ ಪಶ್ಚಿಮ ತುದಿಯ ಬ್ರೆಸ್ಟ್ ಊರಿಗೆ ಹೋಗಿ ಮರಳುವ ಸೈಕಲ್ ಸವಾರಿ. ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. 1891ರಲ್ಲಿ ಪಂದ್ಯವಾಗಿ ಶುರುವಾದದ್ದು, ಈಗ ಬ್ರೆವೆ, ಅಂದರೆ ಪಂದ್ಯವಲ್ಲದ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ. ನಡೆಸುವುದು ಆಡಾಕ್ಸ್ ಕ್ಲಬ್ ಪರಿಸಿಯೆನ್. 2019ರ ಆವೃತ್ತಿ ಆಗಸ್ಟ್ 18ರ ಭಾನುವಾರ ಪ್ಯಾರಿಸ್‌ನ ನೈಋತ್ಯಕ್ಕಿರುವ ರಾಂಬುಯೆಯಿಂದ ಹೊರಟಿತು. ದೂರ 1,219 ಕಿ.ಮೀ., ಏರು ಹನ್ನೊಂದು ಸಾವಿರ ಮೀಟರಿಗೂ ಮಿಕ್ಕಿದ್ದು, ಬಹುಪಾಲು ಸವಾರರಿಗೆ ಗಡುವು 90 ಗಂಟೆ. ಆರು ಸಾವಿರಕ್ಕೂ ಹೆಚ್ಚು ಮಂದಿ ಹೊರಟರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವೇಳೆಯೊಳಗೆ ಮರಳಲಿಲ್ಲ. ಭಾರತದಿಂದ ಹೋಗಿದ್ದ ನೂರಾರು ಸವಾರರಲ್ಲಂತೂ ಮುಗಿಸಿದವರು ಅರ್ಧಕ್ಕಿಂತ ಕಡಿಮೆ.

ಹಾಗೆ ಉಳಿದುಹೋದವರು ತಯಾರಿ ಇಲ್ಲದವರೇನಲ್ಲ. ಅದೇ ವರ್ಷ 200, 300, 400, 600 ಕಿ.ಮೀ. ಬ್ರೆವೆಗಳನ್ನು ಮುಗಿಸಿ ಎಸ್‌ಆರ್ (ಈ ನಾಲ್ಕನ್ನೂ ಮುಗಿಸಿದವರಿಗೆ ಸಿಗುವ ‘ಸೂಪರ್ ರಾಂದೊನೆರ್’ ಪಟ್ಟ) ಮಾಡಿಕೊಂಡವರಿಗೆ ಮಾತ್ರ ಅಲ್ಲಿ ಜಾಗ. 600 ಕಿ.ಮೀ.ಯನ್ನು 40 ಗಂಟೆಯಲ್ಲಿ ತುಳಿದ ಕಾಲುಗಳು 1,219 ಕಿ.ಮೀ.ಗೆ 90 ಗಂಟೆ ಸಿಕ್ಕಾಗ ಯಾಕೆ ಸೋಲುತ್ತವೆ? ಲೆಕ್ಕಕ್ಕೆ ನೋಡಿದರೆ ಸರಾಸರಿ ಬರೀ 13.5 ಕಿ.ಮೀ. ಸಾಕು. ಈ ಬರಹ ಹುಡುಕುವುದು ಅದಕ್ಕೆ ಉತ್ತರ. ಅದಕ್ಕಾಗಿ ಭಾನುವಾರ ಸಂಜೆ 6ಕ್ಕೆ 90 ಗಂಟೆಯ ಗುಂಪಿನಲ್ಲಿ ಹೊರಡುವ, ಬೆಂಗಳೂರಿನ ಕಡೆಯ ಒಬ್ಬ ಮಧ್ಯಮ ವೇಗದ ಸವಾರನನ್ನು ಕಾಗದದ ಮೇಲೆ ಕೂರಿಸಿಕೊಂಡಿದ್ದೇವೆ. ದಾರಿ, ಗಾಳಿ, ಚಳಿ ಆ ವರ್ಷದವು. ವೇಗ ಮತ್ತು ನಿಲುಗಡೆಯ ಅಂಕಿಗಳು ನಾವು ಲೆಕ್ಕಕ್ಕೆ ಇಟ್ಟುಕೊಂಡವು.

ಕಾಗದದ ಮೇಲಿನ ಯೋಜನೆ

ಏರಿಳಿತದ ದಾರಿಯಲ್ಲಿ, ಗಾಳಿ ಇಲ್ಲದಾಗ, ಚಕ್ರ ಉರುಳುತ್ತಿರುವಷ್ಟು ಹೊತ್ತು ಈ ಸವಾರನ ಸರಾಸರಿ 20 ಕಿ.ಮೀ. ಬ್ರೆಸ್ಟ್‌ಗೆ 610 ಕಿ.ಮೀ., ಅಂದರೆ ಮೂವತ್ತೂವರೆ ಗಂಟೆ ತುಳಿತ. ನಡುವೆ ನಿಲ್ಲುವ ಜಾಗಗಳು ಬ್ರೆಸ್ಟ್ ಸೇರಿ ಒಂಬತ್ತು: ಮೊರ್ತಾನ್, ವಿಲೇನ್, ಫುಜೇರ್, ತಿಂತೆನಿಯಾಕ್, ಕೆದಿಯಾಕ್, ಲೂದೆಯಾಕ್, ಸೇಂ ನಿಕೋಲಾ, ಕಾರೆ, ಕೊನೆಗೆ ಬ್ರೆಸ್ಟ್. ಇವುಗಳಲ್ಲಿ ಕೆಲವು ಕಂಟ್ರೋಲ್ (ವೇಳೆಯೊಳಗೆ ತಲುಪಿ ಕಾರ್ಡ್‌ಗೆ ಮುದ್ರೆ ಹಾಕಿಸಬೇಕಾದ ಜಾಗ) ಅಲ್ಲ, ಊಟ ಮತ್ತು ನಿದ್ದೆಗೆ ಮಾತ್ರ. ಒಂದೊಂದಕ್ಕೆ 25 ನಿಮಿಷ ಅಂದರೂ ಮೂರು ಮುಕ್ಕಾಲು ಗಂಟೆ. 445ನೇ ಕಿ.ಮೀ.ಯ ಲೂದೆಯಾಕ್‌ನಲ್ಲಿ ಮೂರು ಗಂಟೆ ನಿದ್ದೆ. ಒಟ್ಟು 37 ಗಂಟೆ 15 ನಿಮಿಷ. ಮಂಗಳವಾರ ಬೆಳಿಗ್ಗೆ ಏಳೂಕಾಲಕ್ಕೆ ಬ್ರೆಸ್ಟ್. ಅರ್ಧ ದಾರಿಗೆ ಅರ್ಧ ವೇಳೆ ಅಂದರೆ 45 ಗಂಟೆ. ಸುಮಾರು ಎಂಟು ಗಂಟೆ ಟೈಮ್ ಬ್ಯಾಂಕ್, ಅಂದರೆ ಉಳಿಸಿಟ್ಟ ವೇಳೆ, ಕೈಯಲ್ಲಿ.

ನೋಡಲು ಚೆಂದದ ಯೋಜನೆ. ಇದರಲ್ಲಿ ಹುಸಿ ಇರುವುದು ಎರಡು ಕಡೆ. ಗಾಳಿಯನ್ನು ಸೊನ್ನೆ ಎಂದು ಹಿಡಿದದ್ದು ಒಂದು, 25 ನಿಮಿಷದಲ್ಲಿ ಕಂಟ್ರೋಲ್ ಬಿಟ್ಟು ಹೊರಡುತ್ತೇನೆ ಎಂದು ನಂಬಿದ್ದು ಇನ್ನೊಂದು.

ಗಾಳಿ ತಿಂದದ್ದೆಷ್ಟು

2019ರಲ್ಲಿ ಬ್ರೆಸ್ಟ್ ಕಡೆಗೆ ಹೋಗುವವರಿಗೆ ಪಶ್ಚಿಮದ ಗಾಳಿ ಮುಖಕ್ಕೇ ಬಡಿಯಿತು. ಎದುರುಗಾಳಿಯ ಗುಣ ಬಲ್ಲವರಿಗೂ ಅದರ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ. ಸವಾರ, ಸೈಕಲ್, ಸಾಮಾನು ಸೇರಿ 85 ಕೆ.ಜಿ. ಇರಲಿ, ಸಮತಟ್ಟು ದಾರಿಯಲ್ಲಿ ಪೆಡಲ್ ಮೇಲೆ 130 ವಾಟ್ ಶಕ್ತಿ ಹಾಕುತ್ತಿರಲಿ. ಗಾಳಿ ಇಲ್ಲದಾಗ ಗಂಟೆಗೆ ಸುಮಾರು 27 ಕಿ.ಮೀ. ಓಡುತ್ತದೆ. ಸವಾರನ ಎತ್ತರದಲ್ಲಿ ಗಂಟೆಗೆ 11 ಕಿ.ಮೀ. ಎದುರುಗಾಳಿ ಬಂದರೆ, ಅದೇ 130 ವಾಟ್‌ಗೆ ಸಿಗುವುದು 21 ಕಿ.ಮೀ. ನೂರು ಕಿ.ಮೀ.ಗೆ ಒಂದು ಗಂಟೆ ಹೆಚ್ಚು. ಅಷ್ಟೇ ಬಲದ ಗಾಳಿ ವಾಪಸಾಗುವಾಗ ಬೆನ್ನಿಗೆ ಸಿಕ್ಕರೂ ನೂರು ಕಿ.ಮೀ.ಗೆ ಮರಳಿ ಕೊಡುವುದು ಮುಕ್ಕಾಲು ಗಂಟೆ ಮಾತ್ರ. ಬರುವಾಗ ಗಾಳಿ ಸಾಲ ತೀರಿಸುತ್ತದೆ ಎಂದು ಹೋಗುವಾಗ ನೆಮ್ಮದಿಯಿಂದಿರುವುದು ತಪ್ಪು.

ನಮ್ಮ ಸವಾರನ ಸರಾಸರಿ 20ರಿಂದ 17.5ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಕೇಳಲು ದೊಡ್ಡ ವ್ಯತ್ಯಾಸವಲ್ಲ. ಆದರೆ 610 ಕಿ.ಮೀ.ಗೆ ತುಳಿತವೇ 35 ಗಂಟೆಯ ಹತ್ತಿರ ಬಂತು. ಯೋಜನೆಗಿಂತ ನಾಲ್ಕು ಗಂಟೆ 20 ನಿಮಿಷ ಜಾಸ್ತಿ. ಲೂದೆಯಾಕ್‌ನಲ್ಲಿ ಮಲಗಬೇಕಿದ್ದ ಮೂರು ಗಂಟೆ ಇಲ್ಲಿಯೇ ಖರ್ಚಾಗಿ, ಮೇಲೆ ಒಂದು ಗಂಟೆ 20 ನಿಮಿಷ ಸಾಲ.

ಇಂಥ ಹೊತ್ತಿನಲ್ಲಿ ಸವಾರರು ಮಾಡುವ ಸಹಜ ತಪ್ಪು, ಕಳೆದ ವೇಗವನ್ನು ಕಾಲಿನಿಂದ ವಸೂಲು ಮಾಡಲು ಹೋಗುವುದು. ಗಾಳಿಗೆ ಎದುರಾಗಿಯೂ ಏರಿಳಿತದ ದಾರಿಯ ಸರಾಸರಿ 20ನ್ನೇ ಹಿಡಿಯುತ್ತೇನೆಂದು 130 ವಾಟ್ ಜಾಗದಲ್ಲಿ 170 ಹಾಕಿದರೆ ಮೊದಲ ರಾತ್ರಿ ಸರಿಹೋಗುತ್ತದೆ. ಸೋಮವಾರ ಮಧ್ಯಾಹ್ನಕ್ಕೆ ಹೊಟ್ಟೆ ಊಟ ತಿರಸ್ಕರಿಸುತ್ತದೆ, ಮಂಡಿ ನೋಯುತ್ತದೆ. ಎದುರುಗಾಳಿಯಲ್ಲಿ ಮಾಡಬೇಕಾದ್ದು ಮೂರೇ: ಶ್ರಮ ಬದಲಿಸಬೇಡಿ, ಮೈ ತಗ್ಗಿಸಿ, ಗುಂಪು ಹುಡುಕಿ. ಮುಂದಿನವರ ಚಕ್ರಕ್ಕೆ ಒಂದು ಮೀಟರ್ ಒಳಗೆ ಇದ್ದರೆ ಗಾಳಿಯ ತಡೆ ಕಾಲು ಭಾಗಕ್ಕೂ ಹೆಚ್ಚು ತಗ್ಗುತ್ತದೆ. ಹದಿನೈದು ನಿಮಿಷಕ್ಕೊಂದು ದೊಡ್ಡ ತಂಡ ಬಿಡುವುದರಿಂದ ಮೊದಲ ರಾತ್ರಿ ಗುಂಪಿಗೆ ಕೊರತೆ ಇಲ್ಲ. ಭಾರತದ ಬ್ರೆವೆಗಳಲ್ಲಿ ಒಂಟಿಯಾಗಿ ತುಳಿದು ಅಭ್ಯಾಸವಾದವರಿಗೆ ಕತ್ತಲಲ್ಲಿ ಅಪರಿಚಿತರ ಚಕ್ರಕ್ಕೆ ಅಷ್ಟು ಹತ್ತಿರ ಹೋಗುವುದು ಹೆದರಿಕೆ. ಇದನ್ನು ಊರಲ್ಲೇ, ನಾಲ್ಕೈದು ಜನ ಸೇರಿ, ರಾತ್ರಿ ಹೊತ್ತು ಕಲಿಯಬೇಕು.

ಕಂಟ್ರೋಲ್‌ನಲ್ಲಿ ಸೋರುವ ವೇಳೆ

ಗಾಳಿ ನಮ್ಮ ಕೈಯಲ್ಲಿಲ್ಲ. ನಿಲುಗಡೆ ಕೈಯಲ್ಲಿದೆ. ಈ ಪ್ರಕರಣದ ತಿರುಳು ಇಲ್ಲಿಯೇ ಇದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇಲ್ಲಿ ಕಂಟ್ರೋಲ್ ಅಂದರೆ ಟೋಲ್ ಪಕ್ಕದ ಹೋಟೆಲ್‌ನಲ್ಲಿ ಬಿಲ್ ತೆಗೆದುಕೊಂಡು ಫೋಟೋ ಹೊಡೆಯುವಂಥದ್ದಲ್ಲ. ದೊಡ್ಡ ಶಾಲೆ ಅಥವಾ ಕ್ರೀಡಾಂಗಣ. ಸೈಕಲ್ ನಿಲ್ಲಿಸಲು ಜಾಗ ಹುಡುಕಬೇಕು, ಕ್ಲೀಟ್ ಶೂನಲ್ಲಿ ನಡೆದು ಹೋಗಿ ಬ್ರೆವೆ ಕಾರ್ಡ್‌ಗೆ ಮುದ್ರೆ ಹಾಕಿಸಬೇಕು, ಶೌಚಾಲಯದ ಸಾಲು, ನೀರಿನ ನಲ್ಲಿ, ಇನ್ನೊಂದು ಕಟ್ಟಡದಲ್ಲಿ ಊಟ, ಅಲ್ಲಿ ಟ್ರೇ ಹಿಡಿದು ಇನ್ನೊಂದು ಸಾಲು. ಕೂತ ಮೇಲೆ ಪರಿಚಯದವರು ಸಿಗುತ್ತಾರೆ, ಫೋನ್ ಚಾರ್ಜಿಗೆ ಹಾಕುತ್ತಾರೆ, ಮನೆಗೆ ಮಾತಾಡುತ್ತಾರೆ. ಎಲ್ಲ ಸೇರಿ 40 ನಿಮಿಷ ಸರಾಗವಾಗಿ ಹೋಗುತ್ತದೆ. ಒಂಬತ್ತು ಕಡೆಗೆ ಆರು ಗಂಟೆ.

ಈಗ ಕೂಡಿಸಿ: 35 ಗಂಟೆ ತುಳಿತ, ಆರು ಗಂಟೆ ನಿಲುಗಡೆ. ಒಂದು ನಿಮಿಷವೂ ಮಲಗದೆ ಬ್ರೆಸ್ಟ್ ತಲುಪುವುದು 41ನೇ ಗಂಟೆಗೆ, ಮಂಗಳವಾರ ಬೆಳಗಿನ 11ರ ಹೊತ್ತಿಗೆ. ಹೋಗುವ ದಾರಿಯ ಕಂಟ್ರೋಲ್‌ಗಳು ಮುಚ್ಚುವ ವೇಳೆ ಬರುವ ದಾರಿಗಿಂತ ಬಿಗಿ. ಹಾಗಾಗಿ 13.5ರ ಸರಾಸರಿಯನ್ನು ನಂಬಿದವರಿಗೆ ಮೊದಲ ಅರ್ಧದಲ್ಲಿ ಕಟ್-ಆಫ್ ಬೆನ್ನಿಗೇ ಬಂದು ನಿಲ್ಲುತ್ತದೆ. ನಿದ್ದೆ ಬಿಟ್ಟದ್ದು ಆಗ ಜಾಣತನದಂತೆ ತೋರುತ್ತದೆ. ಅದರ ಬೆಲೆ ತೆರಬೇಕಾಗುವುದು ಮಂಗಳವಾರ ರಾತ್ರಿ.

ಅದೇ ಗಾಳಿ, ಅದೇ ಕಾಲು, ನಿಲುಗಡೆ ಮಾತ್ರ ಬೇರೆ ಇದ್ದರೆ? ಒಂಬತ್ತು ಜಾಗಕ್ಕೂ ಒಂದೇ ಅಳತೆ ಇಡುವುದನ್ನು ಬಿಟ್ಟು, ಯಾವುದು ಮುದ್ರೆಗೆ, ಯಾವುದು ಊಟಕ್ಕೆ, ಯಾವುದು ಮಲಗಲು ಎಂದು ಮೊದಲೇ ಹಂಚಿ. ಮೊರ್ತಾನ್‌ನಲ್ಲಿ ಹೋಗುವಾಗ ಮುದ್ರೆ ಇಲ್ಲ, ನೀರು ತುಂಬಿಸಿ ಹತ್ತು ನಿಮಿಷ. ವಿಲೇನ್‌ನಲ್ಲಿ ಬೆಳಗಿನ ತಿಂಡಿ, 25. ಫುಜೇರ್ 15. ತಿಂತೆನಿಯಾಕ್‌ನಲ್ಲಿ ಸರಿಯಾದ ಊಟ, 30. ಕೆದಿಯಾಕ್‌ನಲ್ಲಿ ನಿಲ್ಲುವುದೇ ಬೇಡ. ಲೂದೆಯಾಕ್‌ನಲ್ಲಿ ಊಟ ಮಾತ್ರ, 25. ಮಲಗಲು ಅಲ್ಲಿಂದ 43 ಕಿ.ಮೀ. ಮುಂದಿನ ಸೇಂ ನಿಕೋಲಾ: ಎರಡು ಗಂಟೆ ನಿದ್ದೆ, ಹಾಸಿಗೆಗೆ ಹೋಗಿ ಬರುವ ಓಡಾಟಕ್ಕೆ 20 ನಿಮಿಷ. ಕಾರೆ 10, ಬ್ರೆಸ್ಟ್ 30. ನಿದ್ದೆ ಬಿಟ್ಟು ಒಟ್ಟು ಎರಡೂ ಮುಕ್ಕಾಲು ಗಂಟೆ. ಬ್ರೆಸ್ಟ್‌ಗೆ 39 ಗಂಟೆ 36 ನಿಮಿಷ. ಮಲಗದೆ ಹೋದವನಿಗಿಂತ ಒಂದೂಕಾಲು ಗಂಟೆ ಮೊದಲು, ಅದೂ ಎರಡು ಗಂಟೆ ಮಲಗಿ ಎದ್ದು.

ಲೂದೆಯಾಕ್ ಬಿಟ್ಟು ಸೇಂ ನಿಕೋಲಾ ಯಾಕೆ? 90 ಗಂಟೆಯ ಗುಂಪಿನ ಬಹುತೇಕರಿಗೆ ಸೋಮವಾರ ರಾತ್ರಿ ಆಗುವುದೇ ಲೂದೆಯಾಕ್ ಹೊತ್ತಿಗೆ. ಎಲ್ಲರ ಯೋಜನೆಯಲ್ಲೂ ಅದೇ ಹಾಸಿಗೆ. ಸಾಲಿನಲ್ಲಿ ನಿಂತು, ಜಾಗ ಇಲ್ಲವೆಂದು ತಿಳಿದು, ಊಟದ ಹಾಲ್‌ನ ನೆಲದ ಮೇಲೆ ಬೆವರಿದ ಬಟ್ಟೆಯಲ್ಲಿ ಉರುಳುವುದು ನಿದ್ದೆಯಲ್ಲ. ಮೈ ತಣ್ಣಗಾಗಿ ನಡುಗುತ್ತ ಏಳಬೇಕಾಗುತ್ತದೆ.

ನಿಲುಗಡೆ ಕಡಿಮೆ ಮಾಡುವ ವಿದ್ಯೆ ಸಣ್ಣ ಸಣ್ಣ ಕೆಲಸಗಳದ್ದು. ಕಾರ್ಡ್ ಮತ್ತು ಹಣ ಒಂದೇ ಜಿಪ್ ಚೀಲದಲ್ಲಿ, ಕುತ್ತಿಗೆಗೆ. ಕಂಟ್ರೋಲ್‌ಗೆ ಐದು ಕಿ.ಮೀ. ಇರುವಾಗಲೇ ಮಾಡಬೇಕಾದ ಕೆಲಸಗಳನ್ನು ಬಾಯಿಬಿಟ್ಟು ಹೇಳಿಕೊಳ್ಳಿ: ಮುದ್ರೆ, ನೀರು, ಶೌಚ, ಕ್ರೀಮ್, ಊಟ. ಮುದ್ರೆ ಮೊದಲು, ಉಳಿದದ್ದು ಆಮೇಲೆ. ಚಾರ್ಜಿಂಗ್ ಗೋಡೆಯಲ್ಲಿ ಬೇಡ, ಪವರ್ ಬ್ಯಾಂಕಿನಿಂದ ದಾರಿಯಲ್ಲೇ ಆಗಲಿ. ಊಟದ ಸಾಲು ಇಪ್ಪತ್ತು ಜನಕ್ಕಿಂತ ಉದ್ದವಿದ್ದರೆ ಮುಂದಿನ ಹಳ್ಳಿಯ ಬೇಕರಿಗೆ ಹೋಗಿ. ಹಳ್ಳಿಯವರೂ ರಸ್ತೆ ಬದಿ ಮೇಜು ಹಾಕಿ ಕಾಫಿ, ನೀರು, ಕೇಕ್ ಕೊಡುತ್ತಾರೆ. ಅಲ್ಲಿ ಐದು ನಿಮಿಷ ನಿಂತರೆ ಹೊಟ್ಟೆಯೂ ಮನಸ್ಸೂ ತುಂಬುತ್ತವೆ.

ಚಳಿ ಮತ್ತು ನಿದ್ದೆ ಸೇರಿದಾಗ

ಆ ವರ್ಷ ಬ್ರಿಟನಿಯ (ಬ್ರೆಸ್ಟ್ ಇರುವ ಪಶ್ಚಿಮ ಫ್ರಾನ್ಸಿನ ಪ್ರಾಂತ್ಯ) ಕಣಿವೆಗಳಲ್ಲಿ ರಾತ್ರಿಯ ಉಷ್ಣತೆ ಒಂದಂಕಿಗೆ ಇಳಿಯಿತು. ಆಗಸ್ಟ್ ಅಂದರೆ ಯುರೋಪಿನ ಬೇಸಿಗೆ ಎಂದು ಒಂದು ತೆಳು ವಿಂಡ್‌ಚೀಟರ್ ಹಿಡಿದು ಹೋದವರಿಗೆ ಇದು ದೊಡ್ಡ ಏಟು. ಏರಿನಲ್ಲಿ ಬೆವರುತ್ತಾರೆ, ಇಳಿಜಾರಿನಲ್ಲಿ 40ರ ವೇಗದ ಗಾಳಿ ಆ ಬೆವರನ್ನು ಮಂಜು ಮಾಡುತ್ತದೆ. ಹತ್ತು ನಿಮಿಷದಲ್ಲಿ ಬೆರಳು ಬ್ರೇಕ್ ಹಿಡಿಯಲು ಒಲ್ಲೆ ಎನ್ನುತ್ತದೆ. ನಡುಗುವ ಮೈ ಸಕ್ಕರೆ ಸುಡುತ್ತದೆ, ಚಳಿಗೆ ನೀರು ಕುಡಿಯುವುದು ನಿಲ್ಲುತ್ತದೆ, ತಿನ್ನಲು ಗ್ಲೌಸ್ ತೆಗೆಯುವುದು ಬೇಡವಾಗುತ್ತದೆ. ಬೆಳಗಿನ ನಾಲ್ಕು–ಐದರ ಹೊತ್ತಿಗೆ ಈ ಮೂರೂ ಒಟ್ಟಿಗೆ ಕೈಕೊಡುತ್ತವೆ.

ಒಯ್ಯಬೇಕಾದ ಬಟ್ಟೆ ಇಷ್ಟು: ಮೆರಿನೊ ಉಣ್ಣೆಯ ತುಂಬು ತೋಳಿನ ಒಳಂಗಿ ಎರಡು, ಒಂದು ಮೈಮೇಲೆ, ಇನ್ನೊಂದು ನೀರು ಹೋಗದ ಚೀಲದಲ್ಲಿ ಒಣಗಿದ್ದು. ತೋಳಿಲ್ಲದ ಗಾಳಿತಡೆ, ಮಳೆ ಜಾಕೆಟ್, ಕಾಲಿಗೆ ಉದ್ದ ವಾರ್ಮರ್, ತುಂಬು ಗ್ಲೌಸ್, ಹೆಲ್ಮೆಟ್ ಒಳಗೆ ಕಿವಿ ಮುಚ್ಚುವ ತೆಳು ಟೋಪಿ, ಶೂ ಮೇಲೆ ಟೋ ಕವರ್. ಜೊತೆಗೆ ಅಲ್ಯೂಮಿನಿಯಂ ಹಾಳೆಯ ತುರ್ತು ಹೊದಿಕೆ ಒಂದು. ಏರು ಶುರುವಾಗುವ ಮೊದಲು ಜಾಕೆಟ್ ಬಿಚ್ಚಿ, ನೆತ್ತಿಯಲ್ಲಿ ನಿಂತು ಹಾಕಿಕೊಳ್ಳಿ. ಆ ಒಂದು ನಿಮಿಷಕ್ಕೆ ಜಿಪುಣತನ ಬೇಡ. ಸೇಂ ನಿಕೋಲಾದಲ್ಲಿ ನಡುರಾತ್ರಿಗೆ ಮಲಗಿ ಎರಡು ಗಂಟೆಗೆ ಎದ್ದವರಿಗೆ ಅತಿ ಚಳಿಯ ಹೊತ್ತಿನಲ್ಲೇ ರಾಕ್ ಟ್ರೆವೆಜೆಲ್ ಏರು ಎದುರಾಗುತ್ತದೆ. ಒಣ ಒಳಂಗಿ ಹಾಕಿಕೊಳ್ಳಬೇಕಾದ್ದು ಆಗ, ಹಾಸಿಗೆಯಿಂದ ಎದ್ದ ತಕ್ಷಣ.

ನಮ್ಮವರ ನಿದ್ದೆಗೆ ಇನ್ನೊಂದು ಗಂಟಿದೆ. ಊರಿನ 600 ಸಾಮಾನ್ಯವಾಗಿ ಬೆಳಗಿನ ಜಾವ ಹೊರಡುತ್ತದೆ. ರಾತ್ರಿಯಿಡೀ ಮಲಗಿ ಎದ್ದು ತುಳಿಯುತ್ತೇವೆ. ಇಲ್ಲಿ ಇಡೀ ದಿನ ಎಚ್ಚರವಿದ್ದು ಸಂಜೆ ಹೊರಡಬೇಕು. ಬೇಸಿಗೆಯಲ್ಲಿ ಫ್ರಾನ್ಸ್ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆರು ಅಂದರೆ ಈಗತಾನೇ ಇಳಿದವನ ಮೈಗೆ ರಾತ್ರಿ ಒಂಬತ್ತೂವರೆ, ಮಲಗುವ ಹೊತ್ತು. ಮೈ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಹೊಂದಿಕೊಳ್ಳುತ್ತದೆ. ಅದಕ್ಕೇ ಕನಿಷ್ಠ ನಾಲ್ಕು ದಿನ ಮೊದಲು ಅಲ್ಲಿರಬೇಕು, ಹೊರಡುವ ದಿನ ಮಧ್ಯಾಹ್ನ ಪರದೆ ಎಳೆದು ಎರಡು ಗಂಟೆ ಮಲಗಬೇಕು. ನಿದ್ದೆ ಬಾರದಿದ್ದರೂ ಮಲಗಿಯೇ ಇರಿ.

ದಾರಿಯಲ್ಲಿ ರೆಪ್ಪೆ ಕುಸಿದು ಅರೆಕ್ಷಣ ಕತ್ತಲಾದರೆ ಅದು ಎಚ್ಚರಿಕೆಯಲ್ಲ, ಆಗಲೇ ನಿದ್ದೆ ಬಂದಾಯಿತು. ಸೈಕಲ್‌ನಿಂದ ಇಳಿಯಬೇಕು. ಬಸ್ ನಿಲ್ದಾಣದ ಬೆಂಚು ಸಾಕು: ಒಂದು ಲೋಟ ಕಾಫಿ ಕುಡಿದು, 20 ನಿಮಿಷಕ್ಕೆ ಅಲಾರಂ ಇಟ್ಟು, ಜಾಕೆಟ್ ಹಾಕಿ, ಹಾಳೆ ಹೊದ್ದು ಮಲಗಿ. ಏಳುವ ಹೊತ್ತಿಗೆ ಕಾಫಿ ಕೆಲಸ ಶುರುಮಾಡಿರುತ್ತದೆ. ಇದರಿಂದ ಒಂದೆರಡು ಗಂಟೆ ಸಾಗಬಹುದು. ರಾತ್ರಿಯ ನಿದ್ದೆಗೆ ಇದು ಬದಲಿಯಲ್ಲ.

ಹೊಟ್ಟೆ, ಕೈ, ಕುತ್ತಿಗೆ

ಗಂಟೆಗೆ 50 ಗ್ರಾಂ ಆಸುಪಾಸಿನ ಕಾರ್ಬೋಹೈಡ್ರೇಟ್ ನಿಲ್ಲದೆ ಒಳಹೋಗುತ್ತಿರಬೇಕು. ಸಸ್ಯಾಹಾರಿಗಳಿಗೆ ಕಂಟ್ರೋಲ್‌ಗಳಲ್ಲಿ ಪಾಸ್ತಾ, ಅನ್ನ, ಆಲೂ ಗೊಜ್ಜು, ಬ್ರೆಡ್, ಚೀಸ್, ಮೊಸರು, ಹಾಲನ್ನದಂಥ ಸಿಹಿ ಸಿಗುತ್ತವೆ. ಸೂಪಿನಲ್ಲಿ ಏನಿದೆ ಎಂದು ಕೇಳಿ ತೆಗೆದುಕೊಳ್ಳಿ. ಸಪ್ಪೆಯೂಟಕ್ಕೆ ಎರಡನೇ ದಿನವೇ ನಾಲಿಗೆ ಸೋಲುತ್ತದೆ. ಚಟ್ನಿಪುಡಿಯ ಸಣ್ಣ ಪೊಟ್ಟಣ ಇಪ್ಪತ್ತು ಗ್ರಾಂ ತೂಗುತ್ತದೆ, ಒಂದು ತಟ್ಟೆ ಅನ್ನ ಒಳಗಿಳಿಸುತ್ತದೆ. ಜೇಬಿಗೆ ಕಡಲೆ ಚಿಕ್ಕಿ, ಬೀಜ ತೆಗೆದ ಖರ್ಜೂರ. ದಿನಕ್ಕೊಂದೆರಡು ಒಆರ್‌ಎಸ್ ಪೊಟ್ಟಣ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ.

ಕಿರುಬೆರಳು, ಉಂಗುರ ಬೆರಳಿಗೆ ಜೋಮು ಹಿಡಿಯುವುದು ಅಂಗೈ ಬುಡದ ನರ ಒತ್ತಿಕೊಂಡದ್ದಕ್ಕೆ. ಹ್ಯಾಂಡಲ್ ಮೇಲೆ ಎರಡು ಪದರ ಟೇಪ್ ಸುತ್ತಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಬಿಟ್ಟರೆ ತಿಂಗಳುಗಟ್ಟಲೆ ಗುಂಡಿ ಹಾಕಲು ಕಷ್ಟ. ಕೂರುವ ಜಾಗ ಪ್ರತಿ ನಿದ್ದೆಗೆ ಮೊದಲು ಒದ್ದೆ ಒರೆಸುಗೆಯಿಂದ ಒರೆಸಿ, ಒಣಗಿಸಿ, ಎದ್ದ ಮೇಲೆ ಕ್ರೀಮ್ ಹಚ್ಚಿ, ಬ್ರೆಸ್ಟ್‌ನಲ್ಲಿ ಹೊಸ ಚಡ್ಡಿ ಹಾಕಿ. ಕುತ್ತಿಗೆಯ ವಿಷಯ ಬೇರೆ. 1983ರ ರೇಸ್ ಅಕ್ರಾಸ್ ಅಮೆರಿಕದಲ್ಲಿ ಸವಾರ ಮೈಕೆಲ್ ಶೆರ್ಮರ್ ಅವರಿಗೆ ತಲೆ ಎತ್ತಿ ಹಿಡಿಯಲಾಗದಂತಾಗಿ, ಆ ತೊಂದರೆಗೆ ಅವರದೇ ಹೆಸರು ಬಿತ್ತು. ಇದು ಬಂದರೆ ದಾರಿಯಲ್ಲಿ ಚಿಕಿತ್ಸೆ ಇಲ್ಲ. ತಲೆ ಎತ್ತಲಾಗದವನಿಗೆ ರಸ್ತೆ ಕಾಣುವುದಿಲ್ಲ, ಮುಂದುವರಿಯಬಾರದು. ತಡೆಯುವುದು ಮನೆಯಲ್ಲಿ: ಹ್ಯಾಂಡಲ್ ಒಂದೆರಡು ಸೆಂಟಿಮೀಟರ್ ಎತ್ತರಿಸುವುದು, ತಲೆಯ ಮೇಲೆ ಭಾರದ ಲೈಟ್ ಇಡದಿರುವುದು.

ಸೈಕಲ್

ಹೊಸ ಭಾಗಕ್ಕಿಂತ ಪಳಗಿದ ಭಾಗ ಲೇಸು, ಒಂದನ್ನು ಬಿಟ್ಟು. ಹಿಂದಿನ ಗೇರ್ ಕೇಬಲ್ ಶಿಫ್ಟರ್ (ಗೇರ್ ಬದಲಿಸುವ ಹಿಡಿ) ತಲೆಯೊಳಗೆ ಎಳೆ ಎಳೆಯಾಗಿ ಸವೆದು, ಹೊರಗೆ ಏನೂ ಕಾಣದೆ ಹರಿಯುತ್ತದೆ. ಹೋಗುವ ತಿಂಗಳ ಮೊದಲು ಬದಲಿಸಿ, ಇನ್ನೊಂದನ್ನು ಚೀಲದಲ್ಲಿಡಿ. ಮುಂದೆ 50/34, ಹಿಂದೆ 11–34 ಹಲ್ಲಿನ ಗೇರ್ ಚಕ್ರಗಳಿದ್ದರೆ ಮೂರನೇ ದಿನದ ಮಂಡಿ ಹರಸುತ್ತದೆ. 28 ಮಿ.ಮೀ. ಟೈರ್, ಎರಡು ಟ್ಯೂಬ್, ಪ್ಯಾಚ್, ಚೈನ್ ಲಿಂಕ್, ಕೈಪಂಪ್. ವಿಮಾನದಲ್ಲಿ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಬಿಚ್ಚಿ ಕಟ್ಟಿ. ಬ್ಯಾಗಿನಲ್ಲಿ ಅದನ್ನು ಹಿಡಿದಿಡುವ ಹ್ಯಾಂಗರ್ ಬಗ್ಗಿದರೆ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹೋದಾಗ ಡಿರೈಲರ್ ಸ್ಪೋಕ್ ಒಳಗೆ ನುಗ್ಗುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಒಂದು ರಾತ್ರಿಯ ಉದ್ದ ಹತ್ತು ಗಂಟೆಯ ಹತ್ತಿರ, ಅಂಥ ನಾಲ್ಕು ರಾತ್ರಿ. ಚಕ್ರ ತಿರುಗಿದಾಗ ವಿದ್ಯುತ್ ಕೊಡುವ ಡೈನಮೋ ಹಬ್ ಇದ್ದರೆ ಚಿಂತೆ ಇಲ್ಲ. ಬ್ಯಾಟರಿ ಲೈಟ್ ಆದರೆ ಎರಡು ಬೇಕು, ಉರಿಯುತ್ತಿರುವಾಗಲೇ ಚಾರ್ಜ್ ಆಗುವಂಥವು. ಪ್ರತಿಫಲಿಸುವ ಜಾಕೆಟ್ ರಾತ್ರಿ ಕಡ್ಡಾಯ.

ಊರಲ್ಲಿ ಕಲಿಯುವುದು

ಬ್ರಿಟನಿಯಲ್ಲಿ ಘಾಟಿ ಇಲ್ಲ. ಅರ್ಧ, ಒಂದು, ಎರಡು ಕಿ.ಮೀ.ಯ ಏರಿಳಿತಗಳು ಬಿಡುವಿಲ್ಲದೆ ಬರುತ್ತವೆ. ಹೆದ್ದಾರಿಯಲ್ಲಿ ಮುಗಿಸಿದ ಎಸ್‌ಆರ್ ಇದಕ್ಕೆ ಕಾಲು ಕೊಡುವುದಿಲ್ಲ. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ರಸ್ತೆ ಹೆಚ್ಚು ಹತ್ತಿರ. ಎದುರುಗಾಳಿಗೆ ಜೂನ್–ಜುಲೈಯಲ್ಲಿ ಹಿರಿಯೂರಿನಿಂದ ಚಿತ್ರದುರ್ಗದತ್ತ ಹೋಗಿ. ಗುಡ್ಡದ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಅಲ್ಲಿ ವೇಗ ನೋಡದೆ ಆರು ಗಂಟೆ ಒಂದೇ ಶ್ರಮದಲ್ಲಿ ತುಳಿಯುವುದು ಅಭ್ಯಾಸ. ಚಳಿಯ ಬಟ್ಟೆಯನ್ನು ಡಿಸೆಂಬರ್–ಜನವರಿಯ ಊಟಿಯ ರಾತ್ರಿಯಲ್ಲಿ ಪರೀಕ್ಷಿಸಬಹುದು. ಒಂದು 400ನ್ನಾದರೂ ಸಂಜೆ ಆರಕ್ಕೆ ಹೊರಟು ಮಾಡಿ, ಪ್ರತಿ ನಿಲುಗಡೆಯ ನಿಮಿಷಗಳನ್ನು ಬರೆದಿಡಿ.

ಇನ್ನು ವಾಪಸಿನ ಲೆಕ್ಕ. ಎರಡು ಗಂಟೆ ಮಲಗಿ, ಮಂಗಳವಾರ ಬೆಳಿಗ್ಗೆ 9:36ಕ್ಕೆ ಬ್ರೆಸ್ಟ್ ಬಿಟ್ಟವನ ಕೈಯಲ್ಲಿ 50 ಗಂಟೆ 24 ನಿಮಿಷ ಇದೆ. ದಣಿದ ಕಾಲಿಗೆ 18ರ ಸರಾಸರಿ ಹಿಡಿದರೆ 609 ಕಿ.ಮೀ.ಗೆ ಸುಮಾರು 34 ಗಂಟೆ, ನಿಲುಗಡೆಗೆ ನಾಲ್ಕು. ಉಳಿಯುವುದು ಹನ್ನೆರಡು ಗಂಟೆಗೂ ಹೆಚ್ಚು. ಅದರಲ್ಲಿ ನಾಲ್ಕು ಗಂಟೆ ಮಂಗಳವಾರ ನಡುರಾತ್ರಿ ದಾಟಿದ ಮೇಲೆ ತಿಂತೆನಿಯಾಕ್‌ನಲ್ಲಿ, ಅತಿ ಚಳಿಯ ಹೊತ್ತನ್ನು ಹಾಸಿಗೆಯಲ್ಲೇ ಕಳೆಯುವಂತೆ. ಇನ್ನೆರಡು ಗಂಟೆ ಬುಧವಾರ ರಾತ್ರಿ ಮೊರ್ತಾನ್‌ನಲ್ಲಿ. ಮಿಕ್ಕ ಆರು ಗಂಟೆಯನ್ನು ಮುಟ್ಟಬೇಡಿ. ಪಂಕ್ಚರ್, ಹರಿದ ಕೇಬಲ್, ಕೆಟ್ಟ ಹೊಟ್ಟೆ ಇದರಿಂದಲೇ ತೆಗೆದುಕೊಳ್ಳುತ್ತವೆ. ಕೊನೆಯ ಕಂಟ್ರೋಲ್ ಆದ ದ್ರೂ ದಾಟಿದ ಮೇಲಿನ ಕೊನೆಯ 45 ಕಿ.ಮೀ.ಗೆ ಮೂರು ಗಂಟೆ ಇಟ್ಟುಕೊಳ್ಳಿ. ಗಡುವು ಗುರುವಾರ ಮಧ್ಯಾಹ್ನ 12, ಆದ್ದರಿಂದ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ದ್ರೂ ಬಿಟ್ಟಿರಬೇಕು.